ಸುರಂಗಕ್ಕೆ ಉಸಿರು ತಂದ ಎಂಜಿನ್ನುಗಳು

ಉಗಿಬಂಡಿಯ ಕಾಲವನ್ನು ಕಂಡವರಿಗೆ ಸುರಂಗವೆಂದೊಡನೆ ಒಂದು ಅನುಭವ ತಪ್ಪದೆ ನೆನಪಾಗುತ್ತದೆ. ರೈಲು ಗುಡ್ಡದ ಬಾಯನ್ನು ಹೊಕ್ಕ ಕ್ಷಣವೇ ಹಗಲು ಮಾಯವಾಗಿ, ಬೋಗಿಯಲ್ಲಿದ್ದ ಹಿರಿಯರಾರೋ ‘ಕಿಟಕಿ ಇಳಿಸಿ, ಕಿಟಕಿ ಇಳಿಸಿ’ ಎಂದು ಕೂಗುವಷ್ಟರಲ್ಲಿಯೇ ಹೊಗೆ ಒಳನುಗ್ಗಿ, ಕಣ್ಣು ಉರಿದು, ಗಂಟಲು ಕಟ್ಟಿ, ಒಗೆದು ಉಟ್ಟ ಬಿಳಿಯ ಪಂಚೆಯ ಮೇಲೆ ಮಸಿಯ ಕಣಗಳು ಬಂದು ಕೂತಿರುತ್ತಿದ್ದವು. ಪ್ರಯಾಣಿಕನಿಗೆ ಅದು ಅರೆನಿಮಿಷದ ಕ್ಲೇಶ. ಮತ್ತೆ ಬೆಳಕು ಬಂದಾಗ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿ ನಗುವುದರಲ್ಲಿ ಅದು ಮುಗಿದುಹೋಗುತ್ತಿತ್ತು. ಆದರೆ ಸುರಂಗವು ನಾಲ್ಕು ಕಿಲೋಮೀಟರಿಗಿಂತಲೂ ಉದ್ದವಾಗಿದ್ದು, ಅದರ ಉದ್ದಕ್ಕೂ ದಾರಿ ಏರುತ್ತಲೇ ಹೋಗಿ, ಭಾರದ ರೈಲನ್ನೆಳೆಯುವ ಎರಡು ಮೂರು ಎಂಜಿನ್ನುಗಳು ನಡಿಗೆಯ ವೇಗದಲ್ಲಿ ತೆವಳುತ್ತಿದ್ದರೆ, ಆ ಎಂಜಿನ್ನಿನ ಮೇಲೆ ನಿಂತು ಒಲೆಗೆ ಕಲ್ಲಿದ್ದಲು ತುಂಬುವ ಮನುಷ್ಯನ ಪಾಡೇನು? ವಿದ್ಯುತ್ ಎಂಜಿನ್ ಎಂಬುದು ಬೆಟ್ಟದ ರೈಲುದಾರಿಗೆ ಬಂದದ್ದು ವೇಗಕ್ಕಾಗಿ ಅಲ್ಲ, ವೈಭವಕ್ಕಾಗಿ ಅಲ್ಲ; ಈ ಮನುಷ್ಯನ ಉಸಿರಿಗಾಗಿ. ಇದನ್ನು ಬಲ್ಲವರು ಕಡಿಮೆ. ಅಮೆರಿಕದ ವಾಯವ್ಯ ಮೂಲೆಯ ಒಂದು ಪರ್ವತಸುರಂಗದಲ್ಲಿ 1909ರಿಂದ 1927ರವರೆಗೆ ಹದಿನೆಂಟು ವರ್ಷ ದುಡಿದು ಮರೆಯಾದ ನಾಲ್ಕು ಎಂಜಿನ್ನುಗಳ ಕಥೆಯನ್ನು ಈ ಕಾರಣದಿಂದಲೇ ಹೇಳಬೇಕೆನಿಸಿತು.

ಆ ಪರ್ವತಶ್ರೇಣಿಯ ಹೆಸರು ಕ್ಯಾಸ್ಕೇಡ್. ಪೆಸಿಫಿಕ್ ಸಾಗರದ ತೀರಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಹಬ್ಬಿರುವ ಈ ಶ್ರೇಣಿಯು ಸಮುದ್ರದಿಂದ ಬೀಸಿಬರುವ ತೇವದ ಗಾಳಿಯನ್ನು ತಡೆದು ನಿಲ್ಲಿಸುವುದರಿಂದ, ಚಳಿಗಾಲದಲ್ಲಿ ಅದರ ಇಳಿಜಾರುಗಳ ಮೇಲೆ ಬೀಳುವ ಹಿಮಕ್ಕೆ ಮಿತಿಯೇ ಇಲ್ಲ. ಮಿನೆಸೋಟದ ಸೇಂಟ್ ಪಾಲ್ ನಗರದಿಂದ ಸಿಯಾಟಲ್ ಬಂದರಿಗೆ ಗ್ರೇಟ್ ನಾರ್ದರ್ನ್ ರೈಲ್ವೆಯನ್ನು ಒಯ್ಯಲು ಹೊರಟ ಜೇಮ್ಸ್ ಜೆ. ಹಿಲ್ ಎಂಬ ಛಲದ ಮನುಷ್ಯನಿಗೆ ಕಟ್ಟಕಡೆಯ ಅಡ್ಡಗೋಡೆಯಾಗಿ ನಿಂತದ್ದು ಇದೇ ಶ್ರೇಣಿ. ಅದನ್ನು ದಾಟುವ ಕಣಿವೆಯನ್ನು 1890ರಲ್ಲಿ ಕಂಡುಹಿಡಿದವನು ಜಾನ್ ಎಫ್. ಸ್ಟೀವನ್ಸ್ ಎಂಬ ಎಂಜಿನಿಯರು. ಮುಂದೆ ಪನಾಮಾ ಕಾಲುವೆಯ ಮುಖ್ಯ ಎಂಜಿನಿಯರಾಗಿ 1905ರಿಂದ 1907ರವರೆಗೆ ಕೆಲಸ ಮಾಡಿ ಲೋಕಪ್ರಸಿದ್ಧನಾದವನೂ ಈತನೇ. ಸುಮಾರು 4,000 ಅಡಿ ಎತ್ತರದ ಆ ಕಣಿವೆಗೆ ಇಂದಿಗೂ ಸ್ಟೀವನ್ಸ್ ಪಾಸ್ ಎಂದೇ ಹೆಸರು.

1893ರ ಜನವರಿಯಲ್ಲಿ ರೈಲುದಾರಿಯ ಎರಡು ತುದಿಗಳು ಕೂಡಿಕೊಂಡವು; ಆದರೆ ಸುರಂಗ ಕೊರೆಯುವಷ್ಟು ಕಾಲವೂ ಹಣವೂ ಆಗ ಇರಲಿಲ್ಲವಾದ್ದರಿಂದ ರೈಲುಗಳು ಬೆಟ್ಟದ ನೆತ್ತಿಯನ್ನೇ ಹತ್ತಿ ಇಳಿಯಬೇಕಾಗಿತ್ತು. ಅದಕ್ಕೆಂದು ಸ್ಟೀವನ್ಸನು ಹಾಕಿದ ದಾರಿ ವಿಚಿತ್ರವಾದುದು. ರೈಲು ಒಂದು ಓರೆಯಲ್ಲಿ ಮುಂದಕ್ಕೆ ಹತ್ತಿ, ದಾರಿ ಮುಗಿದಲ್ಲಿ ನಿಂತು, ಹಳಿಯನ್ನು ಬದಲಿಸಿದ ಮೇಲೆ ಮುಂದಿನ ಓರೆಯನ್ನು ಹಿಮ್ಮುಖವಾಗಿ ಹತ್ತುವುದು. ಮತ್ತೆ ನಿಲ್ಲುವುದು, ಮತ್ತೆ ಮುಮ್ಮುಖವಾಗಿ ಹತ್ತುವುದು. ಗಾರೆಯ ಗೋಡೆಯ ಮೇಲೆ ಇರುವೆಯೊಂದು ಅಂಕುಡೊಂಕಾಗಿ ಮೇಲೇರಿದಂತೆ ರೈಲು ಬೆಟ್ಟವನ್ನೇರುತ್ತಿತ್ತು. ನೂರು ಅಡಿ ಸಾಗಿದರೆ ನಾಲ್ಕು ಅಡಿಯವರೆಗೆ ಏರಬೇಕಾದ ಆ ದಾರಿಯಲ್ಲಿ ಹಿಮ ಬಿದ್ದಾಗ ಉಂಟಾಗುತ್ತಿದ್ದ ವಿಳಂಬವನ್ನೂ ಅಪಾಯವನ್ನೂ ಯಾರಾದರೂ ಊಹಿಸಬಹುದು. ಆದುದರಿಂದ 1897ರಲ್ಲಿ ಸುರಂಗದ ಕೆಲಸ ಆರಂಭವಾಗಿ, 1900ರ ಡಿಸೆಂಬರಿನಲ್ಲಿ 2.63 ಮೈಲಿ, ಅಂದರೆ ಸುಮಾರು 4.2 ಕಿಲೋಮೀಟರ್ ಉದ್ದದ ಕ್ಯಾಸ್ಕೇಡ್ ಸುರಂಗದಲ್ಲಿ ರೈಲು ಓಡಿತು. ಬೆಟ್ಟ ಹತ್ತುವ ಯಾತನೆ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಯಾತನೆ ಮುಗಿದಿರಲಿಲ್ಲ, ಬೆಟ್ಟದ ಮೇಲಿನಿಂದ ಇಳಿದು ಅದು ಬೆಟ್ಟದ ಹೊಟ್ಟೆಯನ್ನು ಸೇರಿಕೊಂಡಿತ್ತು. ಈ ಸುರಂಗ ಪಶ್ಚಿಮದ ವೆಲಿಂಗ್ಟನ್ ಎಂಬ ಪುಟ್ಟ ನಿಲ್ದಾಣದ ಬಳಿಯಿಂದ ಪೂರ್ವಕ್ಕೆ, ನೂರಕ್ಕೆ 1.7ರಂತೆ ಏರುತ್ತ ಹೋಗುತ್ತದೆ. ಒಂದು ಬಾಯಿಗಿಂತ ಇನ್ನೊಂದು ಬಾಯಿ ಸುಮಾರು 70 ಮೀಟರ್ ಎತ್ತರದಲ್ಲಿದೆ. ರಸ್ತೆಯ ಮೇಲೆ ನಡೆಯುವವರಿಗೆ ಇದೊಂದು ಏರೆಂದೇ ತೋರಲಾರದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಜಾರುವುದಕ್ಕೆ ಅಷ್ಟೇ ಸಾಕು. ಸಾವಿರಾರು ಟನ್ನಿನ ಸರಕುಗಾಡಿ ಈ ಏರಿನಲ್ಲಿ ತನ್ನ ಭಾರವನ್ನೆಲ್ಲ ಹಿಂದಕ್ಕೆ ಜಗ್ಗುತ್ತಿರುತ್ತದೆ. ಎಲ್ಲಿ ಎಂಜಿನ್ ಅತಿ ಹೆಚ್ಚು ಶ್ರಮಪಡುವುದೋ ಅಲ್ಲಿಯೇ ಅದು ಅತಿ ಹೆಚ್ಚು ಕಲ್ಲಿದ್ದಲನ್ನು ಸುಟ್ಟು ಅತಿ ಹೆಚ್ಚು ಹೊಗೆ ಕಾರುತ್ತದೆ, ಅತಿ ನಿಧಾನವಾಗಿಯೂ ಚಲಿಸುತ್ತದೆ. ಸಾಲದೆಂಬಂತೆ ರೈಲಿನ ಬೆನ್ನ ಹಿಂದಿನಿಂದ ಗಾಳಿಯೂ ಅದೇ ವೇಗದಲ್ಲಿ ಬೀಸಿತೆಂದರೆ ಹೊಗೆಯು ಹಿಂದೆ ಉಳಿಯದೆ ರೈಲಿನ ಜೊತೆಜೊತೆಗೆ ತೇಲಿಬರುತ್ತದೆ. ಮುಂದಿನ ಎಂಜಿನ್ನಿನ ಹೊಗೆಯನ್ನು ಹಿಂದಿನಿಂದ ತಳ್ಳುವ ಎಂಜಿನ್ನಿನವರು ಕುಡಿಯಬೇಕು. ಸುರಂಗದ ತೇವಕ್ಕೆ ಮಸಿಯೂ ಉಗಿಯೂ ಬೆರೆತು ಹಳಿಯ ಮೇಲೆ ಎಣ್ಣೆಯಂಥ ಪದರವೊಂದು ಕೂಡುವುದರಿಂದ ಚಕ್ರಗಳು ಜಾರಿ, ರೈಲು ಇನ್ನೂ ತಡವಾಗುತ್ತದೆ. ತಡವಾದಷ್ಟೂ ಹೊಗೆ ಹೆಚ್ಚುತ್ತದೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿ ಮನುಷ್ಯನನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಅದರೊಳಗಣ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿಗೆ ಈ ಅನಿಲದ ಮೇಲಿರುವ ಸೆಳೆತ ಪ್ರಾಣವಾಯುವಿನ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲು. ಆದುದರಿಂದ ಉಸಿರಾಡುತ್ತಿರುವಾಗಲೇ ಮನುಷ್ಯನ ಮೈಯೊಳಗೆ ಪ್ರಾಣವಾಯು ಬರಿದಾಗುತ್ತ ಬಂದು, ಮೊದಲು ತಲೆ ಭಾರವಾಗಿ, ಬಳಿಕ ಕೈಕಾಲುಗಳ ಬಲ ಉಡುಗಿ, ಕಡೆಗೆ ತಾನು ಪ್ರಜ್ಞೆ ತಪ್ಪುತ್ತಿದ್ದೇನೆಂಬ ಅರಿವೂ ಇಲ್ಲದೆ ಕುಸಿದುಬೀಳುತ್ತಾನೆ. ಎಂಜಿನ್ನನ್ನು ನಡೆಸುವ ಮನುಷ್ಯನೇ ಹೀಗೆ ಕುಸಿದರೆ, ಬೆಂಕಿಯಿಂದ ತುಂಬಿದ ಆ ಯಂತ್ರವನ್ನೂ ಅದರ ಹಿಂದಿನ ನೂರಾರು ಜೀವಗಳನ್ನೂ ಕಾಯುವವರಾರು?

1903ರಲ್ಲಿ ಕ್ಯಾಸ್ಕೇಡ್ ಸುರಂಗದಲ್ಲಿ ಈ ಪ್ರಶ್ನೆ ಪ್ರತ್ಯಕ್ಷವಾಗಿಯೇ ಎದ್ದುನಿಂತಿತು. ನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ರೈಲೊಂದು ಸುರಂಗದೊಳಗೆ ಕಪ್ಲಿಂಗ್ ಮುರಿದು ನಿಂತುಹೋಯಿತು. ಅದನ್ನು ಸರಿಪಡಿಸಿ ರೈಲನ್ನು ಮತ್ತೆ ಹೊರಡಿಸಲು ಹೆಣಗಿದ ಸಿಬ್ಬಂದಿಯವರು ಹೊಗೆಗೆ ತುತ್ತಾಗಿ ಒಬ್ಬೊಬ್ಬರಾಗಿ ಪ್ರಜ್ಞೆ ತಪ್ಪಿದರು. ಬೋಗಿಗಳೊಳಗಿನ ಪ್ರಯಾಣಿಕರಿಗೂ ಅದೇ ಗತಿ ಒದಗುತ್ತಿತ್ತು. ಅವರ ಅದೃಷ್ಟಕ್ಕೆ ಆ ದಿನ ಕೆಲಸದ ಮೇಲಿಲ್ಲದೆ ಪ್ರಯಾಣಿಕನಾಗಿ ಕುಳಿತಿದ್ದ, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಒಬ್ಬನು ಆ ರೈಲಿನಲ್ಲಿದ್ದನು. ಅವನು ಕತ್ತಲೆಯಲ್ಲಿ ತಡವರಿಸಿಕೊಂಡು ಹೋಗಿ ಬ್ರೇಕನ್ನು ಸಡಿಲಿಸಿದನು. ಯಾವ ಏರು ಅಷ್ಟು ದಿನವೂ ಶತ್ರುವಾಗಿತ್ತೋ ಅದೇ ಏರು ಆ ಹೊತ್ತು ಮಿತ್ರವಾಯಿತು: ರೈಲು ತನ್ನ ಭಾರದಿಂದಲೇ ಹಿಂದಕ್ಕೆ ಉರುಳಿ, ವೆಲಿಂಗ್ಟನ್ನಿನ ಕಡೆಯ ಬಾಯಿಂದ ಬಯಲಿನ ಗಾಳಿಗೆ ಬಂದು ನಿಂತಿತು. ಎಲ್ಲರೂ ಬದುಕಿಕೊಂಡರು. ಈ ಒಂದು ಘಟನೆಯ ಹಿಂದೆ, ಯಾವ ವರದಿಯಲ್ಲಿಯೂ ಸೇರದೆ, ದಿನದಿನವೂ ಒದ್ದೆ ಬಟ್ಟೆಯನ್ನು ಮೂಗಿಗೊತ್ತಿಕೊಂಡು ಸುರಂಗ ದಾಟಿದ ಡ್ರೈವರುಗಳೂ ಫೈರ್‌ಮನ್ನರೂ ಎಷ್ಟು ಮಂದಿಯೋ.

ಇಂಥ ಸಂಕಟ ಕ್ಯಾಸ್ಕೇಡಿಗೆ ಮಾತ್ರ ಮೀಸಲಾಗಿರಲಿಲ್ಲ. ಬಾಲ್ಟಿಮೋರ್ ನಗರದಡಿಯ ಸುರಂಗಕ್ಕೆ 1895ರಲ್ಲಿಯೇ ವಿದ್ಯುತ್ ಎಂಜಿನ್ನುಗಳು ಬಂದಿದ್ದವು. ಆಲ್ಪ್ಸ್ ಪರ್ವತದಡಿ ಸ್ವಿಟ್ಜರ್ಲೆಂಡನ್ನೂ ಇಟಲಿಯನ್ನೂ ಕೂಡಿಸುವ, ಸುಮಾರು 20 ಕಿಲೋಮೀಟರ್ ಉದ್ದದ ಸಿಂಪ್ಲಾನ್ ಸುರಂಗದಲ್ಲಿ 1906ರಲ್ಲಿ, ಅದು ತೆರೆದ ವರ್ಷದಲ್ಲಿಯೇ, ವಿದ್ಯುತ್ ರೈಲು ಓಡಿತು. ಕೆನಡಾ ಮತ್ತು ಅಮೆರಿಕಗಳ ನಡುವೆ ನದಿಯ ತಳದಲ್ಲಿ ಹಾದುಹೋಗುವ ಸೇಂಟ್ ಕ್ಲೇರ್ ಸುರಂಗದಲ್ಲಿ ಹೊಗೆಗೆ ಸಿಕ್ಕಿ ಜನ ಸತ್ತ ಮೇಲೆ 1908ರಲ್ಲಿ ಅಲ್ಲಿಯೂ ತಂತಿ ಕಟ್ಟಿದರು. ಜಪಾನಿನ ಉಸುಯಿ ಘಟ್ಟದಲ್ಲಿ ಇಪ್ಪತ್ತಾರು ಸುರಂಗಗಳನ್ನು ಸಾಲಾಗಿ ದಾಟಬೇಕಿದ್ದ ಹಲ್ಲುಹಳಿಯ ದಾರಿಗೆ 1912ರಲ್ಲಿ ಈ ಭಾಗ್ಯ ಬಂದಿತು. ದೇಶ ಬೇರೆ, ಯಂತ್ರ ಬೇರೆ. ಕಾರಣ ಮಾತ್ರ ಎಲ್ಲೆಡೆಯೂ ಒಂದೇ.

ಕ್ಯಾಸ್ಕೇಡ್ ಸುರಂಗಕ್ಕೂ ವಿದ್ಯುತ್ತನ್ನು ತರುವ ಕೆಲಸವನ್ನು ಗ್ರೇಟ್ ನಾರ್ದರ್ನ್ ರೈಲ್ವೆಯವರು ಕೇರಿ ಟಿ. ಹಚಿನ್ಸನ್ ಎಂಬ ವಿದ್ಯುತ್ ಎಂಜಿನಿಯರಿಗೆ ಒಪ್ಪಿಸಿದರು. ಆತನು ಆರಿಸಿಕೊಂಡ ಪದ್ಧತಿ ಉತ್ತರ ಅಮೆರಿಕದ ರೈಲುದಾರಿಗಳಲ್ಲಿ ಅದಕ್ಕೆ ಮುಂಚೆ ಎಲ್ಲಿಯೂ ಇರಲಿಲ್ಲ, ಆಮೇಲೆಯೂ ಎಲ್ಲಿಯೂ ಬರಲಿಲ್ಲ. ಅದು ತ್ರೀ ಫೇಸ್ ವಿದ್ಯುತ್ತಿನ ಪದ್ಧತಿ. ಈ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ, ತ್ರೀ ಫೇಸ್ ಕರೆಂಟು ಯಾವಾಗ ಬರುವುದೆಂದು ರಾತ್ರಿಯೆಲ್ಲ ಕಾದು ಕುಳಿತು ಪಂಪ್‌ಸೆಟ್ಟಿನ ಗುಂಡಿ ಒತ್ತುವ ರೈತನಿಗೆ ಇದನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಅವನ ಬಾವಿಯ ನೀರನ್ನೆತ್ತುವ ಮೋಟಾರು ಯಾವ ತತ್ತ್ವದಿಂದ ತಿರುಗುವುದೋ ಅದೇ ತತ್ತ್ವದಿಂದ ಕ್ಯಾಸ್ಕೇಡಿನ ಎಂಜಿನ್ನುಗಳೂ ತಿರುಗಿದವು. ಮೂರು ವಿದ್ಯುತ್ಪ್ರವಾಹಗಳು ಒಂದರ ಹಿಂದೊಂದು ಸಮವಾದ ಅಂತರದಲ್ಲಿ ಏರಿಳಿಯುತ್ತ ಮೋಟಾರಿನ ಹೊರಕವಚದ ಸುರುಳಿಗಳಲ್ಲಿ ಹರಿದರೆ, ಕಣ್ಣಿಗೆ ಕಾಣದ ಒಂದು ಕಾಂತಕ್ಷೇತ್ರವು ಆ ಕವಚದೊಳಗೆ ಗಿರಗಿರನೆ ತಿರುಗತೊಡಗುತ್ತದೆ. ನಡುವೆ ಇರುವ ಉರುಳೆಯು ಆ ಕ್ಷೇತ್ರದ ಬೆನ್ನುಹತ್ತಿ ತಾನೂ ತಿರುಗುತ್ತದೆ. ನಿಕೋಲಾ ಟೆಸ್ಲಾ ಮತ್ತು ಇಟಲಿಯ ಗಲಿಲಿಯೋ ಫೆರಾರಿಸ್ ಇಬ್ಬರೂ 1880ರ ದಶಕದಲ್ಲಿ ಪ್ರತ್ಯೇಕವಾಗಿ ಕಂಡುಕೊಂಡ ತತ್ತ್ವವಿದು. ಕಿಡಿ ಸಿಡಿದು ಸವೆಯುವ ಕಮ್ಯುಟೇಟರ್ ಎಂಬ ಭಾಗವೇ ಇದರಲ್ಲಿ ಇಲ್ಲದಿರುವುದರಿಂದ ಇಂಥ ಮೋಟಾರು ಒದ್ದೆಯಲ್ಲಿಯೂ ಮಸಿಯಲ್ಲಿಯೂ ಅಂಜದೆ ದುಡಿಯುತ್ತದೆ.

ವಿದ್ಯುತ್ತು ಎಲ್ಲಿಂದ ಬರಬೇಕು? ಸುರಂಗದಿಂದ ಪೂರ್ವಕ್ಕೆ ಸುಮಾರು 30 ಮೈಲಿ ದೂರದಲ್ಲಿ, ಲೆವನ್‌ವರ್ತ್ ಎಂಬ ಊರಿನ ಬಳಿ, ವೆನಾಚಿ ನದಿಯು ಟಮ್‌ವಾಟರ್ ಎಂಬ ಇಕ್ಕಟ್ಟಾದ ಕೊರಕಲಿನಲ್ಲಿ ಧುಮುಕುತ್ತ ಹರಿಯುತ್ತದೆ. ಅಲ್ಲಿ ಒಂದು ಅಣೆಕಟ್ಟೆಯನ್ನು ಕಟ್ಟಿ, ಪೀಪಾಯಿಯ ಹಲಗೆಗಳಂತೆ ಮರದ ಹಲಗೆಗಳನ್ನು ಜೋಡಿಸಿ ಉಕ್ಕಿನ ಪಟ್ಟಿಗಳಿಂದ ಬಿಗಿದು ಮಾಡಿದ, ಆಳೆತ್ತರವನ್ನು ಮೀರಿದ ವ್ಯಾಸದ ಕೊಳವೆಯಲ್ಲಿ ನೀರನ್ನು ಕೆಳಗಣ ವಿದ್ಯುದಾಗಾರಕ್ಕೆ ಇಳಿಸಿದರು. ಅಲ್ಲಿ ಹುಟ್ಟಿದ ವಿದ್ಯುತ್ತು 33,000 ವೋಲ್ಟ್ ಒತ್ತಡದಲ್ಲಿ ಬೆಟ್ಟವನ್ನೇರಿ ಬಂದು, ಸುರಂಗದ ಬಳಿ 6,600 ವೋಲ್ಟಿಗೆ ಇಳಿದು, ಎಂಜಿನ್ನುಗಳ ತಲೆಯ ಮೇಲಣ ತಂತಿಗಳನ್ನು ಸೇರುತ್ತಿತ್ತು. ಯಾವ ಪರ್ವತ ದಾರಿಗೆ ಅಡ್ಡವಾಗಿ ನಿಂತಿತ್ತೋ ಅದರ ಹಿಮವೇ ಕರಗಿ, ಹೊಳೆಯಾಗಿ, ಮಿಂಚಾಗಿ, ಆ ದಾರಿಯಲ್ಲಿ ರೈಲನ್ನು ಎತ್ತಿ ದಾಟಿಸಿತೆಂಬ ಮಾತು ಕವಿಯ ಉತ್ಪ್ರೇಕ್ಷೆಯಲ್ಲ, ಶುದ್ಧ ಲೆಕ್ಕದ ಮಾತು.

ಇಲ್ಲಿ ಕನ್ನಡಿಗರು ಅಭಿಮಾನದಿಂದ ನೆನೆಯಬೇಕಾದ ಸಂಗತಿಯೊಂದುಂಟು. ಕ್ಯಾಸ್ಕೇಡಿನ ವಿದ್ಯುದ್ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ. ವಿದ್ಯುತ್ತಿನ ಲಯ ಸೆಕೆಂಡಿಗೆ 25 ಆವರ್ತ. ಇದಕ್ಕೆ ಏಳು ವರ್ಷ ಮೊದಲೇ, 1902ರಲ್ಲಿ, ಅದೇ ಸಂಸ್ಥೆಯ ಯಂತ್ರಗಳು ಅದೇ 25 ಆವರ್ತದ ಲಯದಲ್ಲಿ ನಮ್ಮ ಶಿವನಸಮುದ್ರದಲ್ಲಿ ತಿರುಗಿ, ಕಾವೇರಿಯ ಶಕ್ತಿಯನ್ನು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ್ದವು. ಜಲಪಾತವೊಂದು ಬೆಟ್ಟಗಾಡಿನಾಚೆ ದೂರದಲ್ಲಿ ದುಡಿಯುವ ಯಂತ್ರವನ್ನು ತಿರುಗಿಸಬಲ್ಲದೆಂಬ ವಿಶ್ವಾಸ ಲೋಕಕ್ಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನವು ಅದನ್ನು ಗಣಿಯ ಆಳಕ್ಕೆ ಒಯ್ದಿತು. ಗ್ರೇಟ್ ನಾರ್ದರ್ನ್ ಅದನ್ನು ಸುರಂಗದ ಕತ್ತಲೆಗೆ ಒಯ್ದಿತು. ಎರಡು ಕಡೆಯೂ ನೆಲದಡಿಯಲ್ಲಿ ದುಡಿಯುವವರಿಗಾಗಿಯೇ ಅದು ಹೋಯಿತೆಂಬುದು ನನಗೆ ಬಹಳ ಪ್ರಿಯವಾದ ಹೋಲಿಕೆ.

1909ರ ಜುಲೈ 10ರಂದು ವಿದ್ಯುತ್ ಎಂಜಿನ್ನುಗಳು ಸುರಂಗದಲ್ಲಿ ಕೆಲಸಕ್ಕಿಳಿದವು. ನೋಡುವುದಕ್ಕೆ ಅವುಗಳಲ್ಲಿ ಯಾವ ಚೆಲುವೂ ಇರಲಿಲ್ಲ: ಚಕ್ರಗಳ ಮೇಲೆ ಕೂರಿಸಿದ ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆ, ಎರಡು ತುದಿಗಳಲ್ಲಿ ಕಿಟಕಿ, ಮಾಡಿನ ಮೇಲೆ ತಂತಿಯನ್ನು ಮುಟ್ಟುವ ಕೋಲುಗಳು. ಉಗಿ ಎಂಜಿನ್ನಿನ ಉಸಿರಾಟ, ಅದರ ತೋಳುಗಳ ಚಲನೆ, ಅದರ ಕೂಗು, ಇವಾವುವೂ ಇಲ್ಲ. ಒಂದೊಂದರ ತೂಕ 115 ಟನ್, ಬಲ 1,500 ಅಶ್ವಶಕ್ತಿ. ನಾಲ್ಕು ಅಚ್ಚುಗಳಿಗೂ ಒಂದೊಂದು ಮೋಟಾರು ಇದ್ದುದರಿಂದ ಎಂಜಿನ್ನಿನ ಇಡಿಯ ಭಾರವೂ ಹಳಿಯನ್ನು ಹಿಡಿಯುವ ಕೆಲಸಕ್ಕೇ ಒದಗುತ್ತಿತ್ತು. ತ್ರೀ ಫೇಸ್ ಎಂದರೆ ಮೂರು ವಾಹಕಗಳು ಬೇಕಷ್ಟೆ. ಎರಡು ತಂತಿಗಳನ್ನು ಮೇಲೆ ಕಟ್ಟಿ, ಮೂರನೆಯದರ ಕೆಲಸವನ್ನು ಹಳಿಗೇ ಒಪ್ಪಿಸಿದ್ದರು. ಸುರಂಗವೂ ಅದರ ಎರಡು ಕಡೆಯ ಅಂಗಳಗಳೂ ಸೇರಿ ತಂತಿ ಕಟ್ಟಿದ ದಾರಿಯ ಉದ್ದ ನಾಲ್ಕು ಮೈಲಿಯಷ್ಟೆ. ಬಯಲಿನಿಂದ ಬಂದ ಉಗಿರೈಲು ವೆಲಿಂಗ್ಟನ್ನಿನಲ್ಲಿ ನಿಲ್ಲುವುದು. ವಿದ್ಯುತ್ ಎಂಜಿನ್ನುಗಳು ಬಂದು ಅದರ ಮುಂದೆ ಕಟ್ಟಿಕೊಳ್ಳುವುವು. ಅಷ್ಟು ಹೊತ್ತೂ ಆರ್ಭಟಿಸಿ ಬಂದ ಉಗಿ ಎಂಜಿನ್ ತನ್ನ ಬೆಂಕಿಯನ್ನು ಅಡಗಿಸಿಕೊಂಡು, ಸರಕಿನ ಒಂದು ಬೋಗಿಯೋ ಎಂಬಂತೆ ತಾನೂ ಎಳೆಯಿಸಿಕೊಂಡು ಹೋಗುವುದು. ಮೂರು ಎಂಜಿನ್ನುಗಳು ಕೂಡಿ ಎಳೆದರೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹತ್ತೇ ನಿಮಿಷಕ್ಕೆ ರೈಲು ಆಚೆಯ ಬೆಳಕಿಗೆ ಬರುತ್ತಿತ್ತು.

ಆ ಹತ್ತು ನಿಮಿಷವನ್ನು ಮೊದಲ ಸಲ ಕಳೆದ ಹಳೆಯ ಫೈರ್‌ಮನ್ ಒಬ್ಬನನ್ನು ಊಹಿಸಿಕೊಳ್ಳುತ್ತೇನೆ. ವರ್ಷಗಳಿಂದ ಅವನ ಮೈ ಆ ಬಾಯನ್ನು ಕಂಡೊಡನೆ ಉಸಿರು ಬಿಗಿಹಿಡಿಯಲು ಕಲಿತಿದ್ದಿತು. ಈಗ ಕತ್ತಲೆ ಅದೇ, ತೇವ ಅದೇ, ಬಂಡೆಯಿಂದ ತೊಟ್ಟಿಕ್ಕುವ ನೀರು ಅದೇ. ಆದರೆ ಅವನು ಬಾಯಿ ತೆರೆದು ಉಸಿರಾಡಬಹುದು, ಪಕ್ಕದವನೊಡನೆ ಮಾತನಾಡಬಹುದು. ನಾಗರಿಕತೆಯ ಪ್ರಗತಿಯೆಂಬುದನ್ನು ದೊಡ್ಡ ಮಾತುಗಳಲ್ಲಿ ಅಳೆಯುವುದು ರೂಢಿಯಾದರೂ, ಆ ಮನುಷ್ಯನು ನಿಶ್ಚಿಂತೆಯಿಂದ ತೆಗೆದುಕೊಂಡ ಒಂದು ಉಸಿರು ಅದಕ್ಕೆ ಕಡಿಮೆಯ ಅಳತೆಯೆಂದು ನಾನು ತಿಳಿಯುವುದಿಲ್ಲ.

ಈ ಎಂಜಿನ್ನುಗಳ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ಮೋಟಾರಿನೊಳಗಣ ಕಾಂತಕ್ಷೇತ್ರವು ವಿದ್ಯುತ್ತಿನ ಲಯಕ್ಕೆ ಕಟ್ಟುಬಿದ್ದು ತಿರುಗುವುದರಿಂದ ಎಂಜಿನ್ನಿನ ವೇಗವೂ ಅದಕ್ಕೇ ಕಟ್ಟುಬಿದ್ದಿರುತ್ತದೆ. ಭಾರ ಹೆಚ್ಚಾದರೂ ಕಡಿಮೆಯಾದರೂ ಏರಾದರೂ ಇಳಿಜಾರಾದರೂ ಅದು ಬಹುಮಟ್ಟಿಗೆ ಒಂದೇ ನಡೆ. ಇಳಿಯುವಾಗ ಇದರಿಂದ ಅಪೂರ್ವವಾದ ಪ್ರಯೋಜನ: ರೈಲು ತನ್ನ ಭಾರದಿಂದ ಮೋಟಾರನ್ನು ಆ ನಿಯತವೇಗಕ್ಕಿಂತ ಒಂದಿಷ್ಟು ಹೆಚ್ಚಾಗಿ ತಿರುಗಿಸಿತೋ, ಮೋಟಾರೇ ಜನರೇಟರಾಗಿ ಮಾರ್ಪಟ್ಟು, ರೈಲನ್ನು ಹಿಡಿದು ನಿಲ್ಲಿಸುತ್ತ, ಹಾಗೆ ಹಿಡಿದ ಶಕ್ತಿಯನ್ನು ತಂತಿಗೆ ಹಿಂದಿರುಗಿಸುತ್ತದೆ. ಬ್ರೇಕಿನ ಕಟ್ಟೆಗಳು ಕಾದು ಕೆಂಪಾಗುವ ಭಯವಿಲ್ಲ, ಡ್ರೈವರನು ಯಾವ ಉಪಾಯವನ್ನೂ ಮಾಡಬೇಕಾಗಿಲ್ಲ. ಯಂತ್ರದ ಸ್ವಭಾವವೇ ಅದು. ಇಂದಿನ ವಿದ್ಯುತ್ ಕಾರುಗಳ ಬಗ್ಗೆ ಹೊಗಳಿ ಹೇಳುವ ಈ ಗುಣವು ಪೆಟ್ಟಿಗೆಯಾಕಾರದ ಈ ಎಂಜಿನ್ನುಗಳಿಗೆ ಜನ್ಮದಿಂದಲೇ ಬಂದಿತ್ತು.

ಆದರೆ ಅವಸರವಿದ್ದಾಗ ವೇಗವನ್ನು ಹೆಚ್ಚಿಸಿಕೊಳ್ಳುವಂತಿಲ್ಲ. ರೈಲುಗಳ ಭಾರ ಬೆಳೆದು ನಾಲ್ಕು ಎಂಜಿನ್ನುಗಳನ್ನೂ ಒಟ್ಟಿಗೆ ಕಟ್ಟಬೇಕಾಗಿ ಬಂದಾಗ ಇನ್ನೊಂದು ತೊಡಕು ಎದುರಾಯಿತು. ನಾಲ್ಕಕ್ಕೂ ಕೂಡಿ 6,000 ಅಶ್ವಶಕ್ತಿ, ಎಂದರೆ ನಾಲ್ಕೂವರೆ ಮೆಗಾವಾಟ್. ನದಿಯ ದಂಡೆಯ ವಿದ್ಯುದಾಗಾರದ ಒಟ್ಟು ಸಾಮರ್ಥ್ಯವೇ ಸುಮಾರು ಐದು ಮೆಗಾವಾಟ್. ದಾರಿಯಲ್ಲಿ ಸೋರುವ ಶಕ್ತಿಯನ್ನು ಕಳೆದರೆ ಉಳಿಯುವುದು ಸಾಲದು. ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾದುದು. ಒಂದು ಮೋಟಾರಿನ ತಿರುಗುವ ಉರುಳೆಯಲ್ಲಿ ಹುಟ್ಟುವ ವಿದ್ಯುತ್ತನ್ನು ವ್ಯರ್ಥಮಾಡದೆ ಎರಡನೆಯ ಮೋಟಾರಿಗೆ ಆಹಾರವಾಗಿ ಕೊಟ್ಟರೆ, ಎರಡೂ ಕೂಡಿ ಅರ್ಧವೇಗದಲ್ಲಿ ತಿರುಗುತ್ತವೆ. ಎಳೆಯುವ ಬಲ ಉಳಿದುಕೊಂಡು, ಬೇಕಾಗುವ ವಿದ್ಯುತ್ತು ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಗಂಟೆಗೆ ಹನ್ನೆರಡೂವರೆ ಕಿಲೋಮೀಟರ್ ವೇಗದಲ್ಲಿ, ಇಪ್ಪತ್ತು ನಿಮಿಷಕ್ಕೆ, ಎಂದಿಗಿಂತ ಭಾರವಾದ ರೈಲು ಸುರಂಗವನ್ನು ದಾಟಿತು. ಹೊಗೆಯೇ ಇಲ್ಲದ ಮೇಲೆ ಹತ್ತು ನಿಮಿಷವಾದರೇನು, ಇಪ್ಪತ್ತಾದರೇನು? ಒಂದರಿಂದ ಇನ್ನೊಂದಕ್ಕೆ ಇಳಿದುಬರುವ ಈ ಜೋಡಣೆಗೆ ವಿದ್ಯುತ್ ಶಾಸ್ತ್ರದಲ್ಲಿ ‘ಕ್ಯಾಸ್ಕೇಡ್’ ಎಂದೇ ಹೆಸರು. ಕೊಲಂಬಿಯಾ ನದಿಯ ಝರಿಗಳಿಂದ ಹೆಸರು ಪಡೆದ ಪರ್ವತಕ್ಕೂ ಮೋಟಾರಿನ ಜೋಡಣೆಗೂ ಒಂದೇ ನಾಮಧೇಯ ಒದಗಿದ್ದು ಕಾಕತಾಳೀಯ.

ಇನ್ನು ಎರಡು ತಂತಿಗಳ ತೊಂದರೆ. ಹಳಿಗಳು ಕವಲೊಡೆಯುವ ಕಡೆಯಲ್ಲೆಲ್ಲ ಮೇಲಿನ ಎರಡು ತಂತಿಗಳೂ ಒಂದನ್ನೊಂದು ದಾಟಬೇಕು, ಆದರೆ ಮುಟ್ಟಬಾರದು. ಚಕ್ರಗಳು ಸವೆದು ಒಂದಕ್ಕೊಂದು ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಮೋಟಾರುಗಳು ಭಾರವನ್ನು ಸಮವಾಗಿ ಹಂಚಿಕೊಳ್ಳಲಾರವು. ನಾಲ್ಕು ಮೈಲಿಯ ಸುರಂಗದಾರಿಗೆ ಹೇಳಿಮಾಡಿಸಿದಂತಿದ್ದ ಪದ್ಧತಿ ನೂರಾರು ಮೈಲಿಯ ದಾರಿಗೆ ಒಗ್ಗುವಂಥದಾಗಿರಲಿಲ್ಲ. ಇದನ್ನು ದೋಷವೆಂದು ಹೀಗಳೆದವರುಂಟು. ಒಂದು ರೋಗಕ್ಕೆಂದು ಅರೆದ ಮದ್ದು ಮತ್ತೊಂದಕ್ಕೆ ನಾಟಲಿಲ್ಲವೆಂದು ವೈದ್ಯನನ್ನು ದೂರುವುದು ಹೇಗೆ ನ್ಯಾಯವಲ್ಲವೋ ಇದೂ ಹಾಗೆಯೇ ಎಂದು ನನ್ನ ಅಭಿಪ್ರಾಯ. ದೋಷವಿದ್ದದ್ದು ಬೇರೆಡೆ. ಹೊಗೆಯನ್ನು ಗೆದ್ದವರು ಹಿಮವನ್ನು ಗೆದ್ದಿರಲಿಲ್ಲ.

ಎಂಜಿನ್ನುಗಳು ಬಂದ ಮರುವರ್ಷ, 1910ರ ಫೆಬ್ರವರಿಯ ಕೊನೆಯಲ್ಲಿ, ಪೂರ್ವದಿಂದ ಸುರಂಗವನ್ನು ದಾಟಿ ಬಂದ ಒಂದು ಪ್ರಯಾಣಿಕರ ರೈಲೂ ಒಂದು ಟಪಾಲು ರೈಲೂ ವೆಲಿಂಗ್ಟನ್ನಿನಲ್ಲಿ ಹಿಮಪಾತಕ್ಕೆ ಸಿಕ್ಕಿ ದಿನಗಟ್ಟಲೆ ನಿಂತುಬಿಟ್ಟವು. ಮುಂದಣ ದಾರಿಯೂ ಹಿಂದಣ ದಾರಿಯೂ ಮುಚ್ಚಿದ್ದವು. ಮೇಲಿನ ಇಳಿಜಾರಿನಲ್ಲಿ ರಾಶಿಗೂಡುತ್ತಿದ್ದ ಹಿಮವನ್ನು ಕಂಡು ಹೆದರಿದ ಪ್ರಯಾಣಿಕರು ರೈಲನ್ನು ಮತ್ತೆ ಸುರಂಗದೊಳಕ್ಕೆ ಸರಿಸಿ ನಿಲ್ಲಿಸಬೇಕೆಂದು ಕೇಳಿಕೊಂಡರು. ಬೋಗಿಗಳನ್ನು ಬೆಚ್ಚಗಿಡಲು ಉಗಿ ಎಂಜಿನ್ ಉರಿಯುತ್ತಲೇ ಇರಬೇಕು, ಉರಿದರೆ ಸುರಂಗದೊಳಗೆ ಹೊಗೆ. ಅಲ್ಲದೆ ಒಳಗಿನ ತೇವ, ಶೀತ. ಹೀಗೆಂದು ಅಧಿಕಾರಿಗಳು ಒಪ್ಪಲಿಲ್ಲ. ಮಾರ್ಚ್ 1ರ ನಸುಕಿಗೆ ಮುಂಚೆ, ಎಲ್ಲರೂ ಮಲಗಿದ್ದ ವೇಳೆಯಲ್ಲಿ, ಗುಡುಗು ಮಿಂಚಿನ ನಡುವೆ ಬೆಟ್ಟದ ಮೈಯಿಂದ ಹಿಮರಾಶಿ ಕಳಚಿ ಬಂದು ಎರಡು ರೈಲುಗಳನ್ನೂ ಕೆಳಗಿನ ಕಣಿವೆಗೆ ಎಸೆಯಿತು. ಅಲ್ಲಿ ನಿಂತಿದ್ದ ವಿದ್ಯುತ್ ಎಂಜಿನ್ನುಗಳನ್ನೂ ಬಿಡಲಿಲ್ಲ. ಸತ್ತವರು 96 ಮಂದಿ. ಅಮೆರಿಕದ ಇತಿಹಾಸದಲ್ಲಿ ಹಿಮಕುಸಿತದಿಂದಾದ ಅತಿ ದೊಡ್ಡ ಪ್ರಾಣಹಾನಿ ಇದೇ. ಸುರಂಗದ ಹೊಗೆಯ ಭಯವು, ಹೊಗೆಯನ್ನು ಹೊರಗಟ್ಟಿದ ಮೇಲೆಯೂ ಮನುಷ್ಯರ ಮನಸ್ಸಿನಲ್ಲಿ ಉಳಿದು, ಆ ರಾತ್ರಿ ಅವರನ್ನು ಹೊರಗೇ ನಿಲ್ಲಿಸಿತೆಂಬುದನ್ನು ನೆನೆದಾಗ ಮನಸ್ಸು ಬಹಳ ನೋಯುತ್ತದೆ.

ಆ ಊರಿನ ಹೆಸರನ್ನು ಅದೇ ವರ್ಷ ಟೈ ಎಂದು ಬದಲಾಯಿಸಿದರು; ದಾರಿಯ ಮೇಲೆ ಹಿಮವನ್ನು ತಡೆಯುವ ಮಾಡುಗಳನ್ನು ಕಟ್ಟಿದರು. ಎಂಜಿನ್ನುಗಳನ್ನು ಕಣಿವೆಯಿಂದೆತ್ತಿ ಮತ್ತೆ ಹಳಿಗೆ ತಂದರು. ಆದರೂ ಪ್ರತಿ ಚಳಿಗಾಲವೂ ಹೋರಾಟವೇ ಆಗಿದ್ದರಿಂದ, ಬೆಟ್ಟದ ಇನ್ನೂ ಕೆಳಗೆ ಹೊಸದೊಂದು ಸುರಂಗವನ್ನು ಕೊರೆಯಲು 1925ರ ಕೊನೆಯಲ್ಲಿ ಕೈಹಾಕಿ, ಮೂರೇ ವರ್ಷಗಳಲ್ಲಿ ಮುಗಿಸಿದರು. 7.79 ಮೈಲಿ, ಎಂದರೆ ಹನ್ನೆರಡೂವರೆ ಕಿಲೋಮೀಟರ್ ಉದ್ದದ ಆ ಸುರಂಗ 1929ರ ಜನವರಿ 12ರಂದು ತೆರೆಯಿತು. ಅದಕ್ಕೆ ಮುಂಚೆಯೇ, 1927ರಲ್ಲಿ, ತ್ರೀ ಫೇಸ್ ಪದ್ಧತಿಯನ್ನು ಬಿಟ್ಟು, ಒಂದೇ ತಂತಿಯ 11,000 ವೋಲ್ಟಿನ ಹೊಸ ಪದ್ಧತಿಯನ್ನು ತಂದಿದ್ದರು. ತಂತಿ ಸುರಂಗವನ್ನು ಮೀರಿ, ವೆನಾಚಿ ಪಟ್ಟಣದಿಂದ ಸ್ಕೈಕೋಮಿಷ್‌ವರೆಗೆ ಎಪ್ಪತ್ತು ಮೈಲಿಗೂ ಹೆಚ್ಚು ದೂರ ಹಬ್ಬಿತು. ಹಳೆಯ ನಾಲ್ಕು ಪೆಟ್ಟಿಗೆಗಳ ಕೆಲಸ ಅಲ್ಲಿಗೆ ಮುಗಿಯಿತು.

ಹಳೆಯ ಸುರಂಗ ಇಂದು ನಿರ್ಜನ. ಅದರ ಪಕ್ಕದ ಹಳೆಯ ರೈಲುದಾರಿಯನ್ನು ‘ಐರನ್ ಗೋಟ್’ ಎಂಬ ಕಾಲುದಾರಿಯಾಗಿ ಮಾಡಿದ್ದಾರೆ; ಗ್ರೇಟ್ ನಾರ್ದರ್ನ್ ರೈಲ್ವೆಯ ಲಾಂಛನವಾಗಿದ್ದ ಬೆಟ್ಟದ ಆಡಿನಿಂದ ಬಂದ ಹೆಸರದು. ಸುರಂಗದ ಬಾಯವರೆಗೆ ನಡೆದುಹೋಗಿ ಒಳಗಿನ ಕತ್ತಲೆಯನ್ನು ನೋಡಬಹುದು. ಕುಸಿತದ ಅಪಾಯವಿರುವುದರಿಂದ ಒಳಗೆ ಕಾಲಿಡುವಂತಿಲ್ಲ. ಲೆವನ್‌ವರ್ತಿನ ಬಳಿ ಮರದ ಕೊಳವೆ ಹಾದುಹೋಗಿದ್ದ ದಾರಿಯೂ ಈಗ ನಡೆಯುವವರ ಹಾದಿ.

ಹೊಸ ಸುರಂಗದ ಕಥೆಗೆ ಮಾತ್ರ ಇನ್ನೊಂದು ತಿರುವಿದೆ. ಡೀಸೆಲ್ ಎಂಜಿನ್ನುಗಳು ಎಲ್ಲೆಡೆಯೂ ಬಂದ ಮೇಲೆ, ಎಪ್ಪತ್ತು ಮೈಲಿಗೆಂದು ಬೇರೆಯ ಎಂಜಿನ್ನುಗಳನ್ನು ಸಾಕುವುದು ದುಬಾರಿಯೆಂದು ಲೆಕ್ಕಹಾಕಿ, 1956ರಲ್ಲಿ ವಿದ್ಯುತ್ ತಂತಿಯನ್ನು ಇಳಿಸಿಬಿಟ್ಟರು. ಅಂದಿನ ಲೆಕ್ಕಕ್ಕೆ ಅದು ಸರಿಯಾಗಿದ್ದಿರಬಹುದು. ನನ್ನ ಮಟ್ಟಿಗೆ ಅದು ದುಡುಕು. ತಂತಿ ಹೋದೊಡನೆ ಹೊಗೆ ಮರಳಿ ಬಂದಿತು, ಅದನ್ನು ಹೊರಗಟ್ಟಲು ಸುರಂಗದ ಪೂರ್ವದ ಬಾಯಲ್ಲಿ ಭಾರಿ ಗಾಳಿಯಂತ್ರಗಳನ್ನೂ ಒಂದು ಬಾಗಿಲನ್ನೂ ಇಡಬೇಕಾಯಿತು. ಇಂದಿಗೂ ಪೂರ್ವಕ್ಕೆ ಏರುವ ರೈಲು ಒಳಹೊಕ್ಕ ಮೇಲೆ ಆ ಬಾಗಿಲು ಮುಚ್ಚುತ್ತದೆ, ಯಂತ್ರಗಳು ಎದುರಿನಿಂದ ಗಾಳಿಯನ್ನು ಊದುತ್ತವೆ, ರೈಲು ಹತ್ತಿರ ಬಂದಾಗ ಬಾಗಿಲು ತೆರೆಯುತ್ತದೆ. ಅದು ಹೊರಟುಹೋದ ಮೇಲೆ ಮತ್ತೆ ಬಾಗಿಲು ಮುಚ್ಚಿ, ಸುರಂಗದ ಹೊಗೆಯೆಲ್ಲ ಪಶ್ಚಿಮದ ಬಾಯಿಂದ ಹೊರಬೀಳುವವರೆಗೆ, ಅರ್ಧಗಂಟೆಯಷ್ಟು ಹೊತ್ತು, ಮುಂದಿನ ರೈಲು ಹೊರಗೆ ಕಾದು ನಿಂತಿರುತ್ತದೆ.